ನಾರ್ಮಲ್ ಒಂದು

ಮಾರ್ಚ್ 4. ಬೆಳಗ್ಗೆ 11
ಮತ್ತೆ ಅದೇ. ಫಿಲ್ಮಿನ ಮೇಲೆ ಕಪ್ಪು ಗೆರೆ — ಇಲಿಯ ವೃಷಣಕ್ಕೂ, ಲಿವರಿಗೂ, ಕಿಡ್ನಿಗೂ. ವೀರ್ಯಾಣು ಬೆಳೆಯುವಾಗ ಮಾತ್ರ ಹುಟ್ಟುವ ಪ್ರೋಟೀನೊಂದನ್ನು ಹಿಡಿದು, ಅದು ಇದ್ದಲ್ಲಿ ಮಾತ್ರ ಗೆರೆ ಎಳೆಯಬೇಕಾದ ಆಂಟಿಬಾಡಿ ಇದು. ಒಬ್ಬ ಕಳ್ಳನನ್ನು ಹುಡುಕು ಅಂದರೆ ಬೀದಿಗೆ ಬೀದಿಯನ್ನೇ ಠಾಣೆಗೆ ತಂದು ಕೂರಿಸುವ ಪೇದೆ!
ಬಾಸ್ ಬಂದು ನೋಡಿದರು. (ಅವರಿಗೆ ನಾನಿಟ್ಟ ಬಿರುದು ಮಹಾಮೆದುಳು.) "ಲಿವರ್ ಕಡೆ ಕತ್ತರಿಸಿಬಿಡಪ್ಪ, ಚೆನ್ನಾಗಿ ಕಾಣುತ್ತೆ."
ವಿಜ್ಞಾನವೋ, ಹೇರ್‌ಕಟಿಂಗೋ.

ಮಾರ್ಚ್ 6
ಊಟದ ಹೊತ್ತಿಗೆ ಅಮ್ಮನ ರಾಗ. "ಮದ್ವೆಯಾಗಿ ಆರು ವರ್ಷ ಆಯ್ತು, ಒಂದು ಮಗು ಇಲ್ಲ. ಇವಳನ್ನ ಬೇರೆ ಡಾಕ್ಟರಿಗಾದ್ರೂ ತೋರಿಸೋ."
ಹೆಂಡತಿ ಮೆಲ್ಲಗೆ, "ನೀವೂ ಒಂದ್ಸಲ ಟೆಸ್ಟ್ ಮಾಡಿಸ್ಕೊಳ್ಳಿ ಅಂತ ಡಾಕ್ಟ್ರು ಅಂದಿದ್ರಲ್ರೀ..."
ನಕ್ಕುಬಿಟ್ಟೆ. "ಲ್ಯಾಬಲ್ಲಿ ನಾರ್ಮಲ್ ಅಂದ್ರೆ ನಾನೇ ಕಣೇ. ಅಳೆಯೋ ಕೋಲನ್ನೇ ಅಳೀತಾರಾ?"
ಸುಳ್ಳಲ್ಲ. ಹೋದ ವರ್ಷ ಹೋಲಿಕೆಗೆ ಗಂಡಸರು ಸಾಲದೆ, ನನ್ನದೇ ವೀರ್ಯ ಕೊಟ್ಟೆ. ಆಗಲೇ ಅರೆದು ಫ್ರೀಜರಿಗೆ. ಟ್ಯೂಬಿನ ಮೇಲೆ ನನ್ನದೇ ಅಕ್ಷರ: ನಾರ್ಮಲ್ 1. ಪೇದೆ ಅದಕ್ಕೂ ದಪ್ಪ ಗೆರೆ ಎಳೆದಿದ್ದ.

ಮಾರ್ಚ್ 19
ಹೊಸ ಆಂಟಿಬಾಡಿ ಬಂತು. ಲಿವರ್ ಖಾಲಿ. ಕಿಡ್ನಿ ಖಾಲಿ. ವೃಷಣಕ್ಕೆ ಮಾತ್ರ ಒಂದೇ ಒಂದು ಗೆರೆ, ಸ್ಕೇಲಿಟ್ಟು ಎಳೆದ ಹಾಗೆ. ಬೈಯಲು ಏನೂ ಸಿಗದೆ ದಿನವೇ ಸಪ್ಪೆ.

ಮಾರ್ಚ್ 20. ಮಧ್ಯಾಹ್ನ 3
ಇವತ್ತು ಮನುಷ್ಯರ ವೀರ್ಯದ ಸರದಿ. ನಾರ್ಮಲ್ 2, 3, 4 — ಗೆರೆ. ನಾರ್ಮಲ್ 1 — ಖಾಲಿ.
ಹೊಸದೂ ದಂಡಪಿಂಡ.

ಮಾರ್ಚ್ 21
ಇನ್ನೊಮ್ಮೆ ಮಾಡಿದೆ. ಖಾಲಿ. ಸ್ಯಾಂಪಲ್ ಕೆಟ್ಟಿದೆಯೇನೋ ಎಂದು ಎಲ್ಲರಲ್ಲೂ ಇರುವ ಮಾಮೂಲಿ ಪ್ರೋಟೀನೊಂದನ್ನು ಅದರಲ್ಲೇ ಹುಡುಕಿದೆ. ಅದು ದಪ್ಪಗೆ, ಗಟ್ಟಿಮುಟ್ಟಾಗಿ ಕೂತಿದೆ. ಕೆಟ್ಟಿಲ್ಲ.
ಜೂನಿಯರ್ ಹುಡುಗಿ ಬಗ್ಗಿ ನೋಡಿದಳು. "ಅಯ್ಯೋ ಪಾಪ, ಯಾರ್ ಸಾರ್ ಈ ನಾರ್ಮಲ್ ಒಂದು? ಈ ಪ್ರೋಟೀನ್ ಇಲ್ದೆ ಮಕ್ಕಳಾಗೋದು ಕಷ್ಟ ಅಲ್ವಾ?"
"ಯಾರೋ. ಊರು ಬಿಟ್ಟು ಹೋದ."
ಮಹಾಮೆದುಳು ಕತ್ತರಿಯನ್ನು ನನ್ನ ಕೈಗೇ ಕೊಟ್ಟರು. "ಆ ನಾರ್ಮಲ್ ಒಂದರ ಕಡೆ ಕತ್ತರಿಸಿಬಿಡಪ್ಪ."
ಕತ್ತರಿಸಿದೆ.

ಏಪ್ರಿಲ್ 2. ಬೆಳಗ್ಗೆ 8
ಅಮ್ಮ ಹುಡುಕಿದ ಡಾಕ್ಟರು ಇವಳ ಹೊಟ್ಟೆಗೆ ತೂತು ಹಾಕಿ ಒಳಗೆ ನೋಡುತ್ತಾರಂತೆ. ಹತ್ತಕ್ಕೆ ಅಡ್ಮಿಟ್. ಪಕ್ಕದ ಕೋಣೆಯಲ್ಲಿ ಬ್ಯಾಗಿಗೆ ಟವೆಲ್ ತುಂಬುತ್ತಿದ್ದಾಳೆ. ನನ್ನ ಜೇಬಿನಲ್ಲಿ ಫಿಲ್ಮಿನ ಚೂರು. ಬೆರಳಗಲ. ಹನ್ನೆರಡು ದಿನದಿಂದ ಅಲ್ಲೇ ಇದೆ. ಬಾಯಿ ತುಂಬ ಬೈಯುವ ಮಹಾಶಯನಿಗೆ ಈ ಒಂದು ವಾಕ್ಯಕ್ಕೆ ನಾಲಿಗೆ ಹೊರಳುತ್ತಿಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ.
'ನೋಡೇ, ತೂತು ಬೇಡ. ನಿನ್ನಲ್ಲಿ ಏನೂ...'
"ರೀ, ಟ್ಯಾಕ್ಸಿ ಬಂತು!"
"ವಾಪಸ್ ಕಳಿಸು," ಎಂದು ಕೂಗಿದೆ.
"ಯಾಕ್ರೀ?" ಬಾಗಿಲಿಗೇ ಬಂದಿದ್ದಾಳೆ. ಹಿಂದೆ ಅಮ್ಮ. ಚೂರು ಮೇಜಿನ ಮೇಲಿಟ್ಟೆ. "ಇದೇನಿದು, ಖಾಲಿ?" ಅನ್ನುತ್ತಿದ್ದಾಳೆ. "ಇದು ನಾನೇ ಕಣೇ," ಎಂದೆ. "ನಾರ್ಮಲ್ ಒಂದು."