ಇಲ್ಲದ ನಂಬರಿಗೆ ಬಂದ ಕರೆ

ಬಡವರ ಮೊರೆಗೆ ಎಂದೂ ಕಿಟಕಿ ಮುಚ್ಚದ ಸರ್ವೇಶ್ವರನನ್ನು ನೆನೆದು, ರಕ್ತಾಕ್ಷಿ ಸಂವತ್ಸರದ ಭಾದ್ರಪದ ಮಾಸ, ಕ್ರಿಸ್ತಶಕ ೧೯೮೪ನೆಯ ಸೆಪ್ಟೆಂಬರ್ ಎಂಟು, ಸ್ಥಿರವಾಸರ, ದೇವಮಾತೆಯ ಜನ್ಮೋತ್ಸವವೂ ಹೊಸ ತೆನೆಯ ಹಬ್ಬವೂ ಆದ ಈ ದಿನ ಕಾಪುವಿನಿಂದ ಬರೆದದ್ದು.

ದೂರವಾಣಿ ಖಾತೆಯ ಮಾನ್ಯ ಅಧಿಕಾರಿಗಳೇ,

ತಮ್ಮ ಖಾತೆಯ ಹೆಸರು ಹೇಳಿಕೊಂಡು ಬಂದ ವಂಚಕನೊಬ್ಬನಿಂದಾಗಿ ನನ್ನ ನೆರೆಮನೆಯ ಹೆಣ್ಣುಮಗಳೊಬ್ಬಳು ಶಾಶ್ವತವಾಗಿ ಕುರುಡಿಯಾಗಿದ್ದಾಳೆ. ಅವನನ್ನು ತಡೆಯಲು ತಮ್ಮ ಕಚೇರಿಯಿಂದ ಒಂದೇ ಒಂದು ಮಾತು ಬಂದಿದ್ದರೆ ಸಾಕಿತ್ತು, ಬರಲಿಲ್ಲ. ಇದು ನನ್ನ ದೂರು. ಇದನ್ನು ಲಕೋಟೆಯಲ್ಲಿ ಕಳುಹಿಸದೆ ಪತ್ರಿಕೆಯ ಮೂಲಕ ನಿವೇದಿಸುತ್ತಿರುವುದೇಕೆಂದರೆ, ಹಿಂದೆ ಬರೆದು ಕೊಟ್ಟದ್ದು ತಮ್ಮಲ್ಲಿ ಯೋಗನಿದ್ರೆಯಲ್ಲಿದೆ, ಅದನ್ನು ಎಬ್ಬಿಸಿ ಪಾಪ ಕಟ್ಟಿಕೊಳ್ಳಲು ನನಗೆ ಮನಸ್ಸಿಲ್ಲ.

ಆ ಹೆಣ್ಣುಮಗಳ ಹೆಸರು ಐರಿನ್. ತಾಯಿ ಕ್ಲಾರಾಬಾಯಿ ವಿಧವೆ. ತುಂಡು ಗದ್ದೆಯಲ್ಲಿ ಇಬ್ಬರೇ ದುಡಿದು ಉಣ್ಣುವವರು. ಐರಿನಳ ಎಡಗಣ್ಣು ಬಾಲ್ಯದ ಸಿಡುಬಿನಲ್ಲೇ ಹೋಗಿತ್ತು. ಉಳಿದ ಬಲಗಣ್ಣಿಗೆ ಹೋದ ವರ್ಷ ಭತ್ತ ಬಡಿಯುವಾಗ ಹೊಟ್ಟು ಸಿಡಿದು ಹುಣ್ಣಾಯಿತು, ಹುಣ್ಣು ಮಾಯ್ದು ಕರಿಗುಡ್ಡೆಯ ಮೇಲೆ ಬಿಳಿಯ ಪೊರೆ ಕವಿಯಿತು. ಮಣಿಪಾಲದ ನೇತ್ರವೈದ್ಯರೊಬ್ಬರು ಧೈರ್ಯ ಹೇಳಿದರು: ಮೃತರ ಕಣ್ಣು ದಾನವಾಗಿ ಬಂದಾಗ ಅದರ ತಿಳಿಪೊರೆಯನ್ನು ಇವಳಿಗೆ ಕಸಿಮಾಡಬಹುದು, ದೃಷ್ಟಿ ಮರಳಬಹುದು, ಆದರೆ ಬಂದ ಕಣ್ಣು ಕಾಯುವುದಿಲ್ಲ, ಫೋನ್ ಮಾಡಿದ ಕೂಡಲೇ ಹೊರಟು ಬರಬೇಕು. ಕ್ಲಾರಾಬಾಯಿ ಕಾಪು ಪೇಟೆಯ ಜವಳಿ ವ್ಯಾಪಾರಿ ವಿಠಲನವರ ಅಂಗಡಿಯ ನಂಬರನ್ನು ಕೊಟ್ಟು ಬಂದರು. ವಿಠಲನವರು, "ಎಂತ ಕಷ್ಟ ಬಾಯಮ್ಮ, ಗಂಟೆ ಹೊಡೆದರೆ ನಾನೇ ಸೈಕಲಲ್ಲಿ ಬಂದು ಹೇಳ್ತೇನೆ" ಎಂದಿದ್ದರು. ಸ್ವಂತ ದೂರವಾಣಿಗೆ ಅರ್ಜಿ ಹಾಕಿದವರು ತಮ್ಮ ಸರದಿಗಾಗಿ ಎಷ್ಟು ವರ್ಷ ಕಾಯುತ್ತಾರೆಂಬುದನ್ನು ತಮಗೆ ನಾನು ತಿಳಿಸಬೇಕೇ?

ಇಂಥ ಹೊತ್ತಿನಲ್ಲಿ, ಈಸ್ಟರಿಗೆ ಮುಂಚೆ ನಾವು ಉಪವಾಸವಿರುವ ತಪಸ್ಸುಕಾಲದ ಒಂದು ಮುಸ್ಸಂಜೆ, ಲಿಯೋನೆಲ್ ಎಂಬವನು ಬಂದ. ನಮ್ಮ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಮೊಣಕಾಲೂರಿ ಜಪಮಾಲೆಯ ಪ್ರಾರ್ಥನೆ ಮಾಡುತ್ತಾರೆ. ಮುಗಿದ ಮೇಲೆ ಕಿರಿಯರು ಹಿರಿಯರೆದುರು ಕೈಮುಗಿದು ಆಶೀರ್ವಾದ ಬೇಡುತ್ತಾರೆ. ಕೊಂಕಣಿಯಲ್ಲಿ ಅದಕ್ಕೆ ಬೆಸಾಂವ್ ಎನ್ನುತ್ತೇವೆ. ಅದನ್ನು ಬೇಡಿದವನು ಪರಸ್ಥನಾಗಿದ್ದರೂ ಆ ಕ್ಷಣದಿಂದ ಮನೆಯ ಮಗ. ಈ ಮನುಷ್ಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಯಾರೆಂದು ಹೇಳುವ ಮೊದಲೇ ಮೊಣಕಾಲೂರಿದ. ಸುಸ್ವರವಾಗಿ ಪ್ರಾರ್ಥನೆಗೆ ದನಿಗೂಡಿಸಿದ. ಮುಗಿದೊಡನೆ ಕ್ಲಾರಾಬಾಯಿಯ ಮುಂದೆ ತಲೆಬಾಗಿ ಬೆಸಾಂವ್ ಬೇಡಿದ. ಆಕೆ ಅವನ ತಲೆಯ ಮೇಲೆ ಕೈಯಿಟ್ಟು ಹರಸಿದರು. ಆಮೇಲೆ ತಾನೇ ಅವನು ತನ್ನ ಚೀಲ ಬಿಚ್ಚಿದ್ದು: ವಿಧವೆಯರಿಗೂ ಅಂಗವಿಕಲರಿರುವ ಮನೆಗಳಿಗೂ ಸರಕಾರ ರಿಯಾಯಿತಿ ದರದಲ್ಲಿ ದೂರವಾಣಿ ಕೊಡುತ್ತಿದೆ, ಸರದಿಯಿಲ್ಲ, ಠೇವಣಿ ಮಾತ್ರ ಈಗಲೇ ಆಗಬೇಕು.

ಮರುದಿನ ವಿಷಯ ತಿಳಿದು ನಾನು, ಅವನ ಗುರುತಿನ ಚೀಟಿ ನೋಡಿದಿರಾ ಎಂದು ಕೇಳಿದೆ. ಕ್ಲಾರಾಬಾಯಿಗೆ ನಿಜವಾಗಿಯೂ ನೋವಾಯಿತು. "ಎಂತ ಮಾತಾಡ್ತೀರಿ ಮಾಸ್ಟ್ರೇ? ಬೆಸಾಂವ್ ತೆಗೆದುಕೊಂಡವನ ಹತ್ತಿರ ಚೀಟಿ ತೋರಿಸು ಹೇಳುವುದಾ? ನಾಳೆ ನಿಮ್ಮ ಹತ್ತಿರ ಕೇಳ್ಬೇಕಾ, ನೀವು ಮಾಸ್ಟ್ರು ಹೌದೋ ಅಲ್ಲವೋ ಅಂತ?" ಎಂದರು. ಐರಿನ್ ಒಳಗಿನಿಂದ ನಕ್ಕಳು. ಕೊನೆಗೆ, "ನಿಮಗೆ ಅಷ್ಟು ಸಂಶಯ ಉಂಟಾದರೆ ಆಫೀಸಿನಲ್ಲಿ ಕೇಳಿ ಬನ್ನಿ. ಅವರು ಇಲ್ಲ ಹೇಳಿದರೆ ನಾನು ಬಿಡ್ತೇನೆ" ಎಂದು ಒಪ್ಪಿದರು.

ಮಾನ್ಯರೇ, ನಾನು ಬಸ್ಸು ಹತ್ತಿ ತಮ್ಮ ಕಚೇರಿಗೆ ಬಂದೆ. ಕಿಟಕಿಯಲ್ಲಿ ಕೇಳಿದ್ದು ಎರಡೇ ಪ್ರಶ್ನೆ: ಇಂಥ ರಿಯಾಯಿತಿ ಉಂಟೋ? ಇಂಥ ಮನುಷ್ಯ ತಮ್ಮವನೋ? ಒಳಗಿದ್ದವರು ಚಹಾ ಮುಗಿಸಿ ಹೇಳಿದರು: "ಅದು ಮೇಲಿನವರ ವಿಷಯ ಅಜ್ಜ. ಸರ್ಕ್ಯುಲರ್ ಬಂದಿರಬಹುದು, ಬಾರದೆಯೂ ಇರಬಹುದು." ಹಾಗಾದರೆ ಮೇಲಿನವರನ್ನು ಕಾಣುತ್ತೇನೆ ಎಂದೆ. "ಸಾಹೇಬರು ಕ್ಯಾಂಪಿನಲ್ಲಿದ್ದಾರೆ. ಬರೆದು ಕೊಡಿ." ಬರೆದು ಕೊಟ್ಟೆ. ಇನ್ನೊಮ್ಮೆ ಹೋದೆ, ಸಾಹೇಬರು ಮತ್ತೆ ಕ್ಯಾಂಪಿನಲ್ಲಿದ್ದರು. ಉಂಟೆಂದೂ ಇಲ್ಲವೆಂದೂ ಹೇಳದೆ ಎರಡಕ್ಕೂ ನಡುವೆ ಸ್ಥಿತಪ್ರಜ್ಞರಾಗಿ ನಿಲ್ಲುವ ಈ ವಿದ್ಯೆಯನ್ನು ತಮ್ಮ ಖಾತೆ ಯಾವ ಮಹರ್ಷಿಯಿಂದ ಕಲಿಯಿತು? ದೂರದೂರಿನ ಮಾತನ್ನು ಕ್ಷಣಾರ್ಧದಲ್ಲಿ ಕಿವಿಗೆ ಮುಟ್ಟಿಸುವುದೇ ಕಾಯಕವಾದ ಕಚೇರಿಯಲ್ಲಿ, ಒಂದು ಮೊಳ ಅಂತರದ ಕಿಟಕಿಯಾಚೆ ನಿಂತ ಮುದುಕನಿಗೆ ಉತ್ತರ ಮುಟ್ಟಲಿಲ್ಲವಲ್ಲ! ಕ್ಲಾರಾಬಾಯಿ ನನ್ನನ್ನು ಕೇಳಿದರು, "ಇಲ್ಲ ಹೇಳಿದರಾ?" ಇಲ್ಲವೆಂದು ಅವರು ಹೇಳಿರಲಿಲ್ಲ. ಸುಳ್ಳು ಹೇಳಿ ಆಕೆಯನ್ನು ತಡೆಯುವುದು ನನ್ನ ಧರ್ಮವಾಗಿರಲಿಲ್ಲ. ಆಕೆಯ ಚಿನ್ನದ ಕೈಬಳೆಗಳು ಠೇವಣಿಯಾದವು.

ಮಾತಿಗೆ ತಪ್ಪದ ವಂಚಕ ಅವನು. ಕಪ್ಪು ಫೋನೊಂದನ್ನು ತಂದು ಮೇಜಿನ ಮೇಲೆ ಕೂರಿಸಿದ. ತಂತಿಯನ್ನು ಕಿಟಕಿಯಿಂದ ಹೊರಗೊಯ್ದು ತೆಂಗಿನ ಮರಕ್ಕೆ ಬಿಗಿದ. ಒಂದು ನಂಬರನ್ನೂ ದಯಪಾಲಿಸಿದ. "ಹೊರಗಿನಿಂದ ಬರುವ ಕರೆ ಇನ್ನೆರಡು ದಿನದಲ್ಲಿ ಶುರುವಾಗ್ತದೆ ಬಾಯೇ. ನೀವು ಮಾಡಲಿಕ್ಕೆ ಮಾತ್ರ ಮೇಲಿನ ಅಪ್ಪಣೆ ಬರಬೇಕು" ಎಂದು ಹೇಳಿ ಹೋದ. ಆದ್ದರಿಂದ ಫೋನಿನ ಮೌನದಲ್ಲಿ ಯಾರಿಗೂ ದೋಷ ಕಾಣಲಿಲ್ಲ, ಅಂಗಡಿಯಿಂದ ಆ ನಂಬರಿಗೆ ಒಮ್ಮೆ ಕರೆ ಮಾಡಿ ನೋಡಬೇಕೆಂದು ನನಗೂ ಹೊಳೆಯಲಿಲ್ಲ. ಅಪ್ಪಣೆಗಾಗಿ ಕಾಯುವುದೆಂಬುದು ತಮ್ಮ ಖಾತೆಯ ಸಹಜ ಲಕ್ಷಣವೆಂದು ಊರಿಗೇ ಗೊತ್ತು. ವಂಚಕನಿಗೆ ಇದಕ್ಕಿಂತ ದೊಡ್ಡ ಸಹಾಯವನ್ನು ತಾವು ಹೇಗೆ ತಾನೇ ಮಾಡಬಹುದಿತ್ತು?

ಕ್ಲಾರಾಬಾಯಿ ಮಣಿಪಾಲಕ್ಕೆ ಹೋಗಿ ಅಂಗಡಿಯ ನಂಬರನ್ನು ತೆಗೆಸಿ ಹೊಸ ನಂಬರನ್ನು ಹೇಳಿ ಬಂದರು. ವಿಠಲನವರು, "ನನ್ನದೂ ಇರಲಿ ಬಾಯಮ್ಮ, ಅದೇನು ಅನ್ನ ಕೇಳ್ತದಾ?" ಎಂದು ಆಕ್ಷೇಪಿಸಿದರೆ, ಆಕೆ ಸಂಕೋಚದಿಂದ, "ಎಷ್ಟು ದಿನ ಅಂತ ನಿಮಗೆ ಉಪದ್ರ ಕೊಡುವುದು ವಿಠಲಣ್ಣ? ಈಗ ನಮ್ಮದೇ ಉಂಟಲ್ವಾ" ಎಂದರಂತೆ. ಪರರಿಗೆ ಹೊರೆಯಾಗಬಾರದೆಂಬ ಈ ಸೌಜನ್ಯವೇ ಮಗಳಿಗೆ ಮುಳುವಾಯಿತು.

ಅಂದಿನಿಂದ ಐರಿನ್ ಆ ಮೇಜಿನ ಬಳಿಯೇ ಕುಳಿತಳು. ಅದಕ್ಕೊಂದು ಕಸೂತಿಯ ಮುಸುಕು ಹೊದಿಸಿದ್ದಳು. ಒಮ್ಮೆ ನಾನು ಹೋದಾಗ ರಿಸೀವರನ್ನು ಕಿವಿಗೆ ಒತ್ತಿಕೊಂಡಿದ್ದಳು. "ಕೇಳಿ ಮಾಸ್ಟ್ರೇ, ಒಳಗೆ ಎಂತದೋ ಉಂಟು. ಸಮುದ್ರದ ಹಾಗೆ ಕೇಳ್ತದೆ" ಎಂದಳು. ನಾನೂ ಕಿವಿಗೊಟ್ಟೆ. ಬರಿಯ ಚಿಪ್ಪನ್ನು ಕಿವಿಗಿಟ್ಟರೂ ಆ ಸದ್ದು ಕೇಳುತ್ತದೆ.

ಈಸ್ಟರ್ ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ ಮಣಿಪಾಲಕ್ಕೆ ದಾನದ ಕಣ್ಣು ಬಂತು. ಮೊದಲ ಸರದಿ ಐರಿನಳದು. ವೈದ್ಯರು ಆ ನಂಬರಿಗೆ ಕರೆ ಮಾಡಿಸಿದರು. ಅಂಥ ನಂಬರೇ ಇಲ್ಲ ಎಂದು ತಮ್ಮ ದೂರವಾಣಿ ವಿನಿಮಯ ಕೇಂದ್ರದಿಂದ ತಕ್ಷಣ ಉತ್ತರ ಬಂತು. ಗಮನಿಸಬೇಕು ಮಾನ್ಯರೇ, ತಮ್ಮ ಖಾತೆ ಇಲ್ಲ ಎಂಬುದನ್ನು ಇಲ್ಲ ಎಂದು ತಡಮಾಡದೆ, ಸರ್ಕ್ಯುಲರನ್ನು ಕಾಯದೆ, ಯಾವ ಸಾಹೇಬರನ್ನೂ ಕೇಳದೆ ಹೇಳಿದ್ದು ಆ ಒಂದು ದಿನ! ಅದೇ ಉತ್ತರವನ್ನು ಕಿಟಕಿಯಲ್ಲಿ ನನಗೆ ಕೊಟ್ಟಿದ್ದರೆ ತಮ್ಮ ಬೊಕ್ಕಸಕ್ಕೆ ಏನು ನಷ್ಟವಾಗುತ್ತಿತ್ತು? ಕಣ್ಣು ಕಾಯುವಂತಿರಲಿಲ್ಲ, ಸರದಿಯಲ್ಲಿ ಅವಳ ನಂತರವಿದ್ದ ಇನ್ನೊಬ್ಬರಿಗೆ ಹೋಯಿತು. ವೈದ್ಯರ ಅಂಚೆ ಕಾರ್ಡು ಕೈಸೇರಿದ ಮೇಲೆ ನಾವು ಓಡಿದೆವು. ಆಟಿ ತಿಂಗಳ ಜಡಿಮಳೆಯಲ್ಲಿ ಐರಿನಳ ಕಣ್ಣು ಮತ್ತೆ ಕೀವಾಗಿ ಒಳಗಿಂದಲೇ ಬತ್ತಿತು. ಇನ್ನು ದಾನದ ಕಣ್ಣು ಬಂದರೂ ನೆಡುವುದಕ್ಕೆ ನೆಲವಿಲ್ಲವೆಂದು ವೈದ್ಯರು ತಲೆ ತಗ್ಗಿಸಿ ಹೇಳಿದರು.

ಆ ವಂಚಕನೇ ಬಜಗೋಳಿಯ ಮುದ್ದಣ್ಣ ಎಂಬವರ ಮನೆಯಲ್ಲಿ ಸಂಜೆಯ ಭಜನೆಗೆ ಕುಳಿತು ತಾಳ ಹಾಕಿದನಂತೆ. ಅಲ್ಲಿ ಅವನ ಹೆಸರು ಲಿಯೋನೆಲ್ ಆಗಿರಲಿಲ್ಲ. ನಿಟ್ಟೆಯಲ್ಲೂ ಒಂದು ಮೂಕ ಫೋನು ಇದೆಯೆಂದು ಕೇಳಿದ್ದೇನೆ. ಜನರು ಮೂರ್ಖರು, ಎಲ್ಲರನ್ನೂ ನಂಬುತ್ತಾರೆ ಎಂದು ತಾವು ಅಪ್ಪಣೆ ಕೊಡಿಸಬಹುದು. ಅವರು ಎಲ್ಲರನ್ನೂ ನಂಬಲಿಲ್ಲ. ಮನೆಮಂದಿಯ ಜೊತೆ ದೇವರೆದುರು ಕುಳಿತವನನ್ನು ನಂಬಿದರು. ಆಗಲೂ ನನ್ನನ್ನು ಕಳುಹಿಸಿ ತಮ್ಮ ಕಚೇರಿಯಲ್ಲಿ ಕೇಳಿಸಿದರು.

ಆದಕಾರಣ ನನ್ನ ಬೇಡಿಕೆ ಇದು. ರಿಯಾಯಿತಿ ಉಂಟೋ ಇಲ್ಲವೋ, ಇದ್ದರೆ ಯಾರಿಗೆ ಎಂಬುದನ್ನು ಪ್ರತಿ ಅಂಚೆ ಕಚೇರಿಯ ಗೋಡೆಯ ಮೇಲೆ, ಅಕ್ಷರ ಬಲ್ಲ ಯಾರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆಸಿರಿ. ಠೇವಣಿಯನ್ನು ಕಚೇರಿಯಲ್ಲಲ್ಲದೆ ಮನೆಬಾಗಿಲಲ್ಲಿ ಯಾರೂ ಪಡೆಯುವುದಿಲ್ಲವಾದರೆ ಅದನ್ನೂ ದಪ್ಪಕ್ಷರದಲ್ಲಿ ಹಾಕಿಸಿರಿ. ಮನೆಗೆ ಬಂದವನು ತಮ್ಮವನೋ ಅಲ್ಲವೋ, ಅವನು ಕೊಟ್ಟ ನಂಬರು ಇರುವುದೋ ಇಲ್ಲವೋ ಎಂದು ಕೇಳಿದವರಿಗೆ ಅದೇ ದಿನ, ಅದೇ ಕಿಟಕಿಯಲ್ಲಿ ಉತ್ತರ ಕೊಡಿಸಿರಿ. ಐರಿನಳಿಗಾಗಿ ನಾನು ಏನನ್ನೂ ಬೇಡುತ್ತಿಲ್ಲ. ಬೇಡುವುದಕ್ಕೆ ಉಳಿದಿಲ್ಲ.

ಇಂದು ಬೆಳಗ್ಗೆ ಚರ್ಚಿನಲ್ಲಿ ಹರಸಿ ಕೊಟ್ಟ ತೆನೆಯನ್ನು ಐರಿನ್ ಬೆರಳಿನಿಂದ ತಡವಿ ನೋಡಿ, "ಈ ಸಲ ಕಾಳು ತುಂಬಿದೆ" ಎಂದಳು. ಆಮೇಲೆ, "ಆ ಕಣ್ಣು ಹಾಕಿಸಿಕೊಂಡವರಿಗೆ ಈಗ ಕಾಣ್ತದಲ್ವಾ ಮಾಸ್ಟ್ರೇ?" ಎಂದು ಕೇಳಿದಳು. ಕಾಣುತ್ತದಂತೆ ಎಂದೆ. ನನಗೆ ಸಿಟ್ಟು ತಡೆಯಲಾಗಲಿಲ್ಲ. ಆ ದುಷ್ಟನಿಗೆ ಕೊಟ್ಟ ಬೆಸಾಂವನ್ನು ಹಿಂದಕ್ಕೆ ಪಡೆಯಿರಿ ಎಂದು ಕ್ಲಾರಾಬಾಯಿಗೆ ಹೇಳಿದೆ. ಆಕೆ ಬರಿಗೈಯನ್ನು ಮುಂದೆ ಚಾಚಿ, "ಹಿಂದೆ ತೆಗೆದುಕೊಳ್ಳಲಿಕ್ಕೆ ಅದೆಂತ ಬಳೆಯಾ ಮಾಸ್ಟ್ರೇ?" ಎಂದರು.

ಆಕೆ ಹಿಂದಕ್ಕೆ ಪಡೆಯದ್ದನ್ನು ತಡೆಹಿಡಿಯಲು ನಾನು ಯಾರು? ದೃಷ್ಟಿ ಪಡೆದ ಆ ಅಪರಿಚಿತರನ್ನು ದೇವರು ಕಾಪಾಡಲಿ. ಸತ್ತ ಮೇಲೂ ಕಣ್ಣು ಕೊಟ್ಟ ಆತ್ಮಕ್ಕೆ ನಿತ್ಯಪ್ರಕಾಶ ಲಭಿಸಲಿ. ಚಹಾ ಮುಗಿಸಿ ಮಾತನಾಡಿದ ಕಿಟಕಿಯವರಿಗೂ ಕ್ಯಾಂಪಿನಲ್ಲಿದ್ದ ತಮಗೂ ಆಯುರಾರೋಗ್ಯ ದೊರೆಯಲಿ. ಎಲ್ಲೋ ಇನ್ನೊಂದು ಮನೆಯಲ್ಲಿ ಇಂದು ಸಂಜೆ ಮೊಣಕಾಲೂರಲಿರುವ ಆ ಮನುಷ್ಯನಿಗೂ ಒಳ್ಳೆಯದಾಗಲಿ. ಅವನು ಬೇಡುವ ಬೆಸಾಂವ್ ಒಂದು ದಿನ ಅವನಿಗೆ ನಿಜವಾಗಿಯೂ ತಗಲಲಿ.

ಇಂತಿ,
ತಮ್ಮ ಕಿಟಕಿಯಲ್ಲಿ ಕೇಳಿ ಉತ್ತರವಿಲ್ಲದೆ ಮರಳಿದ,
ಸಿಲ್ವೆಸ್ಟರ್ ಮತಾಯಸ್
ನಿವೃತ್ತ ಕನ್ನಡ ಪಂಡಿತ, ಕಾಪು