ಬೇರಿಂಗಿನ ಮೇಲೆ ಅಂಗೈ

ಅಪ್ಪ,

ಬೆಳಗಿನ ಜಾವ ಮೂರು ಗಂಟೆ. ಟಪ್, ಟಪ್ ಎಂಬ ಸದ್ದಿಗೆ ಎಚ್ಚರವಾಯಿತು. ಉರ್ಸ್ ನಿದ್ದೆಯಲ್ಲೇ ಮಂಚದ ಪಟ್ಟಿಯನ್ನು ಅಂಗೈಯಿಂದ ತಟ್ಟುತ್ತಿದ್ದ. ಇಂಜಿನ್ನಿನ ದಂಡ ಸುತ್ತಿ ಬಂದಾಗಲೆಲ್ಲ ನೀನು ಬೇರಿಂಗ್ ಮುಟ್ಟಿ ಬಿಸಿ ನೋಡುತ್ತಿದ್ದೆಯಲ್ಲ, ಅದೇ ಲಯದಲ್ಲಿ.

ಈ ಪತ್ರ ಕಳಿಸುವುದಿಲ್ಲ. ಹಾಗೆ ಮುಟ್ಟುವಾಗಲೇ ಎರಡು ಬೆರಳು ಕಳೆದುಕೊಂಡು ಲುಗಾನೊದಲ್ಲಿ ಸೋದರತ್ತೆಯ ಮನೆ ಸೇರಿದವನು ನೀನು. ನನ್ನ ಕಾಗದಗಳನ್ನು ಒಡೆಯದೆ ಒಲೆಗೆ ಹಾಕುತ್ತೀಯಂತೆ, ನನ್ನ ಫೋನನ್ನೂ ಎತ್ತುವುದಿಲ್ಲ. ನಿನ್ನ ಹಬೆಹಡಗು ‘ಗೆಂಟಿಯಾನಾ’ದ ನೀರು ತಳ್ಳುವ ಚಕ್ರಗಳು ದುರಸ್ತಿಯಾಗಿವೆ. ಇವತ್ತು ಲುಸರ್ನ್ ಸರೋವರದಲ್ಲಿ ಮತ್ತೆ ಜನರನ್ನು ಹತ್ತಿಸಿಕೊಳ್ಳುತ್ತದೆ. ಇಂಜಿನ್ನು ಈಗ ನನ್ನ ಗಂಡ ಉರ್ಸ್‌ನ ಕೈಯಲ್ಲಿದೆ.

ನಿನ್ನೆ ಪರೀಕ್ಷೆಗೆ ಓಡಿಸುವಾಗ ಮಗುವನ್ನೆತ್ತಿಕೊಂಡು ಮೇಲಿನ ಕಟಕಟೆಯಿಂದ ಇಣುಕಿದೆ. ಬೇರಿಂಗಿಗೆ ಬಿಸಿ ತೋರಿಸುವ ಹೊಸ ಮೀಟರು ಕೂರಿಸಿದ್ದಾರೆ. ಉರ್ಸ್ ಅತ್ತ ನೋಡಲೇ ಇಲ್ಲ.

“ಏನೋ, ಬೆಕ್ಕಿನ ತಲೆ ಸವರ್ತಿದೀಯಾ? ತಟ್ಟಿ ಕೈ ತೆಗಿ,” ಎಂದು ಬಾಯ್ಲರ್ ನೋಡಿಕೊಳ್ಳುವ ಸೆಪ್ ಛೇಡಿಸಿದ.

“ಮಾವ ಹೀಗೇ ಮುಟ್ತಿದ್ರು,” ಎಂದ ಇವನು. ಮರುಸುತ್ತಿಗೇ ಅಂಗಿಯ ತೋಳು ದಂಡಕ್ಕೆ ಸಿಕ್ಕಿ ಹರಿಯಿತು. ಇಬ್ಬರೂ ನಕ್ಕರು.

ಮನೆಗೆ ಬಂದ ಮೇಲೆ, “ಮೀಟರು ನೋಡಿದ್ರೆ ಸಾಲದಾ?” ಎಂದೆ.

“ಅವರ ಮಗಳಾಗಿ ಹೀಗಂತೀಯಾ?” ಎಂದು ಅವನು ಊಟಕ್ಕೆ ಕೂತ. ನಾನು ಹರಿದ ತೋಳು ಹೊಲಿದೆ.

ನಾನು ಏನು ಹೇಳಿದರೂ ಅವನಿಗೆ ಅದು ಹೆಂಡತಿಯ ಪುಕ್ಕಲುತನ. ನೀನು ಹೇಳಿದರೆ ಕೇಳುತ್ತಾನೆ. ಆರು ಗಂಟೆಗೆ ಮನೆ ಬಿಡುತ್ತಾನೆ. ನನ್ನ ಜೊತೆ ಮಾತು ಬೇಡ, ಮಗುವಿನ ಹೆಸರೂ ಕೇಳಬೇಡ. ಫೋನು ಉರ್ಸ್‌ಗೆ ಕೊಡು ಅನ್ನು, ಕೊಡುತ್ತೇನೆ. ಕೈ ಹಾಕಬೇಡ ಅಂತ ಅವನಿಗೊಂದು ಮಾತು ಹೇಳು. ಬೆಳಕು ಹರಿಯುವುದರೊಳಗೆ ಒಂದು ಫೋನ್ ಮಾಡಪ್ಪ.