ಮಲಕವ್ವನ ತತ್ತಿ, ಸುಂದರಾಳ ಬೆಣ್ಣೆ

ಅಥಣಿ
೧೪ ಮಾರ್ಚ್ ೧೯೯೨, ಶನಿವಾರ

ಪ್ರೀತಿಯ ರಾಜಮತಿಗೆ,

ನಿನ್ನ ಜನ್ನತಬಿಯ ಸಲಾಂ. ಕ್ಷೇಮ ಸಮಾಚಾರ ಕೇಳುವ ಮುಖ ಇವತ್ತು ನನಗಿಲ್ಲ. ನಿನ್ನ ಮಗಳು ಸುಂದರಾ ನಿನ್ನೆ ಸಂಜೆ ಮಂಗಸೂಳಿಗೆ ಬಂದವಳೇ ಏನೂ ಹೇಳದೆ ಮಲಗಿರಬೇಕು. ಕೇಳಿದರೆ ತಲೆನೋವು ಎಂದಿರುತ್ತಾಳೆ. ತಲೆನೋವಲ್ಲ ರಾಜೂ, ಗೃಹವಿಜ್ಞಾನದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಾನು ಅವಳಿಗೆ ಸೊನ್ನೆ ಹಾಕಿದ್ದೇನೆ. ಅದು ನಿನಗೆ ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ.

ಕೇಕ್ ಮಾಡುವುದು ನಮ್ಮ ಪಠ್ಯದಲ್ಲಿದೆ. ಈ ಹುಡುಗಿಯರ ಯಾರ ಮನೆಯಲ್ಲಿ ಕೇಕ್ ಮಾಡುತ್ತಾರೆಂದು ಪಠ್ಯ ಬರೆದವರು ಕೇಳಲಿಲ್ಲ, ಕಲಿಸುವ ನಾನೂ ಕೇಳಲಿಲ್ಲ. ಮೈದಾ, ಸಕ್ಕರೆ, ಬೆಣ್ಣೆ, ತತ್ತಿ, ವೆನಿಲ್ಲಾ ಎಸೆನ್ಸು, ಎಲ್ಲ ಅವರೇ ತರಬೇಕು. ಎಸೆನ್ಸಿಗಂತೂ ಮಿರಜದವರೆಗೆ ಅಲೆಯಬೇಕು. ಒಬ್ಬರ ಸಾಮಾನು ಇನ್ನೊಬ್ಬರು ಮುಟ್ಟಕೂಡದು ಎಂಬ ನಿಯಮ ಮಾತ್ರ ಖಾಸಾ ನನ್ನದು. ಅದಕ್ಕೆ ಶಿಸ್ತು ಅಂತ ಹೆಸರಿಟ್ಟು ಮೆರೆಯುತ್ತಿದ್ದೆ.

ಸುಂದರಾಳ ಪಕ್ಕದ ಮೇಜಿನಲ್ಲಿ ಜುಗೂಳದ ಮಲಕವ್ವ ಇದ್ದಳು. ಕುರಿ ಕಾಯುವವರ ಮನೆಯ ಹುಡುಗಿ. ಫೇಲಾದರೆ ಓದು ಬಿಡಿಸುತ್ತೇನೆಂದು ಅವಳಪ್ಪ ಭೀಮಸಿ ಮೊದಲೇ ಹೇಳಿದ್ದ. ನಾನು ಹೊರಗೆ ಹೋಗಿ ಬರುವಷ್ಟರಲ್ಲಿ ಮಲಕವ್ವ ನಿನ್ನ ಮಗಳ ಬೋಗುಣಿಗೆ ತತ್ತಿ ಒಡೆದು ಹಾಕುತ್ತಿದ್ದಳು. ನಿನ್ನ ಮಗಳು ಆ ಕಡೆ ಮುಖ ತಿರುಗಿಸಿಕೊಂಡು, ತನ್ನ ಬೆಣ್ಣೆಯಲ್ಲಿ ಅರ್ಧ ಅವಳ ಬೋಗುಣಿಗೆ ಹಾಕುತ್ತಿದ್ದಳು.

“ಬೆಣ್ಣಿ ತರೂದು ನಮ್ಮ ಕಡಿಂದ ಆಗಂಗಿಲ್ರಿ ಬಾಯಾರ. ತತ್ತಿ ಮನ್ಯಾಗ ಅದಾವ್ರಿ. ಈಕಿ ಜೈನರಾಕಿ, ತತ್ತಿ ಮುಟ್ಟಂಗಿಲ್ಲ. ಅದಕ್ಕ ಕೂಡಿ ಮಾಡಾಕತ್ತೇವ್ರಿ” ಎಂದಳು ಮಲಕವ್ವ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಬೆಳಗಾವಿಯಿಂದ ಬಂದಿದ್ದ ಪರೀಕ್ಷಕಿಯೇ “ಹೋಗ್ಲಿ ಬಿಡ್ರಿ, ಸಣ್ಣ ಹುಡುಗ್ಯಾರು” ಎಂದರು. ನಾನು ಬಿಡಲಿಲ್ಲ. ನನ್ನ ಕ್ಲಾಸಿನಲ್ಲಿ ಶಿಸ್ತಿಲ್ಲ ಎಂದು ಅವರು ಊರೆಲ್ಲ ಹೇಳಿಯಾರು ಎಂಬ ಭಯ. ಇಬ್ಬರಿಗೂ ಸೊನ್ನೆ ಎಂದು ಕೂಗಿಬಿಟ್ಟೆ.

ರಾಜೂ, ನಿಪ್ಪಾಣಿಯ ಕಾಲೇಜಿನಲ್ಲಿ ನಾವಿಬ್ಬರು ಪಾಸಾದದ್ದು ಹೇಗೆ? ಅಕ್ಕೋಳದ ನಮ್ಮ ಮನೆಯ ಕೋಳಿ, ನಿಮ್ಮ ಮನೆಯ ಎಮ್ಮೆ. ನಿನ್ನ ಪಾಲಿನ ತತ್ತಿಯನ್ನು ನಾನು ಒಡೆದೆ, ನನ್ನ ಪಾಲಿನ ಬೆಣ್ಣೆಯನ್ನು ನೀನು ಸೆರಗಿನ ಮರೆಯಲ್ಲಿ ದಾಟಿಸಿದೆ. ನಮಗೆ ಕಲಿಸುತ್ತಿದ್ದ ಬಾಯಿಯವರು ಅದನ್ನು ನೋಡಿಯೂ ಕಿಟಕಿಯ ಕಡೆ ತಿರುಗಿ ನಿಂತರು. ಆ ಬೆಣ್ಣೆಯಿಂದ ನನಗೆ ಡಿಗ್ರಿ ಸಿಕ್ಕಿತು, ಈ ನೌಕರಿ ಸಿಕ್ಕಿತು. ನಿನ್ನೆ ನಾನು ತಿರುಗಿ ನಿಲ್ಲಬಹುದಿತ್ತು. ಒಂದು ಗಳಿಗೆಯ ಕೆಲಸ.

ಮಲಕವ್ವ ನಿನ್ನೆಯೇ ಹಾಸ್ಟೆಲ್ಲಿನಿಂದ ಟ್ರಂಕು ಎತ್ತಿಕೊಂಡು ಊರಿಗೆ ಹೋದಳಂತೆ. ಅಂಕಪಟ್ಟಿ ಇನ್ನೂ ಕಳಿಸಿರಲಿಲ್ಲವಾದ್ದರಿಂದ ಇವತ್ತು ಪ್ರಿನ್ಸಿಪಾಲರನ್ನು ಒಪ್ಪಿಸಿದೆ, ಕಾಲು ಹಿಡಿಯುವುದೊಂದು ಬಾಕಿ. ಗುರುವಾರ ಇಬ್ಬರಿಗೂ ಮತ್ತೆ ಪರೀಕ್ಷೆ. ಸಾಮಾನು ಕಾಲೇಜಿನದು. ಕೇಕೇ ಆಗಬೇಕೆಂದಿಲ್ಲ, ಗೋದಿ-ಬೆಲ್ಲದ ಮಾದಲಿ ಮಾಡಿದರೂ ಅಂಕ ಕೊಡಬಹುದು. ಮುಂದಿನ ವರ್ಷದಿಂದ ಎಲ್ಲ ಹುಡುಗಿಯರಿಗೂ ಹೀಗೇ. ಇದ್ದಕ್ಕಿದ್ದಂತೆ ಇದೆಲ್ಲ ಯಾಕೆ ಎಂದು ಅವರು ಕೇಳಿದಾಗ, ತುಟ್ಟಿಯ ಕಾಲ ಸರ್, ಎಂದಷ್ಟೇ ಹೇಳಿ ಬಂದೆ. ನಮ್ಮ ಕಥೆ ಬಾಯಿಗೆ ಬರಲಿಲ್ಲ.

ನಾಳೆ ಮುಂಜಾನೆಯ ಬಸ್ಸಿಗೆ ಜುಗೂಳಕ್ಕೆ ಹೊರಟಿದ್ದೇನೆ. ಈ ಪತ್ರವನ್ನು ನನ್ನ ತಮ್ಮ ಜಾಫರಸಾಬ ಇವತ್ತೇ ನಿನಗೆ ಮುಟ್ಟಿಸುತ್ತಾನೆ. ಬಸ್ಸು ಮಂಗಸೂಳಿಯಲ್ಲಿ ನಿಂತಾಗ ಸುಂದರಾ ಹತ್ತಿಕೊಳ್ಳಲಿ. ನಾನೊಬ್ಬಳೇ ಹೋದರೆ ಮಲಕವ್ವ ಬಾಗಿಲಿಗೂ ಬರಲಿಕ್ಕಿಲ್ಲ. ನನ್ನ ಪಕ್ಕ ಕೂಡಲು ಸುಂದರಾಳಿಗೆ ಮನಸ್ಸಿಲ್ಲದಿದ್ದರೆ ಹಿಂದಿನ ಸೀಟಿನಲ್ಲಿ ಕೂಡಲಿ.

ನಿನ್ನ ಬೆಣ್ಣೆಯ ಋಣದವಳು,
ಜನ್ನತಬಿ

ತಾ.ಕ.: ಪರೀಕ್ಷಕಿಯ ಭಯ ಎಂದು ಮೇಲೆ ಬರೆದದ್ದು ಸುಳ್ಳು. “ಇದನ್ನ ಯಾರವಾ ಕಲಿಸಿದ್ರು ನಿಮಗ?” ಎಂದು ಅವರು ನಗುನಗುತ್ತಲೇ ಕೇಳಿದ್ದರು. “ನಮ್ಮವ್ವನೂ ಆಕಿ ಗೆಳತೀನೂ ಹಿಂಗ ಮಾಡಿ ಪಾಸಾಗಿದ್ರಂತ್ರಿ” ಎಂದಳು ಸುಂದರಾ. ಆ ಗೆಳತಿ ಯಾರೆಂದು ಕೇಳುವ ಮೊದಲೇ ಅವರ ಬಾಯಿ ಮುಚ್ಚಿಸಲು ನಾನು ಸೊನ್ನೆ ಎಂದು ಕೂಗಿದೆ. ಆದರೂ ಅವರು ಕೇಳಿಯೇಬಿಟ್ಟರು. ನಾನು ನಿಮ್ಮ ಮನೆಗೆ ಬಂದಾಗಲೆಲ್ಲ ಸ್ವಂತ ಚಿಕ್ಕಮ್ಮನಂತೆ ಮೌಶಿ ಎಂದು ಕರೆದು ನನ್ನ ತೊಡೆಯ ಮೇಲೆ ಬೆಳೆದ ಹುಡುಗಿ, ಸೊನ್ನೆ ಬಿದ್ದ ಮೇಲೂ, ನನ್ನ ಮುಖ ನೋಡಿ “ಹೆಸರು ಗೊತ್ತಿಲ್ರಿ” ಎಂದಳು. ಇನ್ನು ಮುಚ್ಚಿಡುವುದು ಬೇಡ ಎಂದು ಅವಳಿಗೆ ಹೇಳು. ನಾಳೆ ಭೀಮಸಿಯ ಮನೆಯಲ್ಲಿ ಆ ಹೆಸರನ್ನು ನಾನೇ ಹೇಳುತ್ತೇನೆ.